ಮಾನವಕೋಶದ ಕೃಷಿ: ಹದ ಯಾರ ಕೈಯಲ್ಲಿದೆ?

2021ರ ಬೇಸಗೆಯ ಮಾತು. ಜತ್ತ ತಾಲೂಕಿನ ಲಸಿಕೆ ಶಿಬಿರವೊಂದರಲ್ಲಿ ಸರದಿಯ ಸಾಲನ್ನು ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಸೊರಡಿ ಕಡೆಯ ದಾಳಿಂಬೆ ತೋಟದ ಹಿರಿಯರೊಬ್ಬರು ಸಾಲಿನಿಂದ ಈಚೆ ಬಂದು ಮೆಲ್ಲಗೆ ಕೇಳಿದರು: "ಮಾಸ್ತರ, ಈ ಸೂಜಿಮದ್ದ ಮನಶ್ಯಾರ ಜೀವಕೋಶದಾಗ ಬೆಳಸ್ತಾರಂತ. ಖರೇ ಏನ್ರಿ?" ಗೋಡೆಯ ಮೇಲಿನ ತಿಳುವಳಿಕೆ ಪತ್ರ ಮರಾಠಿಯಲ್ಲಿತ್ತು, ಔಷಧದ ಪೆಟ್ಟಿಗೆಯ ಮೇಲಿನ ಬರಹ ಇಂಗ್ಲಿಷಿನಲ್ಲಿತ್ತು. "ಹಂಗೇನಿಲ್ರಿ ಅಜ್ಜಾರ, ಹೆದರಬ್ಯಾಡ್ರಿ" ಎಂದು ಸಮಾಧಾನ ಹೇಳಿ ಒಳಗೆ ಕಳುಹಿಸಿದೆವು. ಅವರು ಸೂಜಿ ಹಾಕಿಸಿಕೊಂಡು ಮನೆಗೆ ಹೋದರು. ರಾತ್ರಿ ಪುಸ್ತಕ ತೆರೆದು ನೋಡಿದಾಗ ತಿಳಿಯಿತು: ಅವರು ಕೇಳಿದ್ದೇ ಖರೆ, ನಾವು ಹೇಳಿದ್ದು ಸುಳ್ಳು.

ಈ ಲೇಖನವನ್ನು ಆ ತಪ್ಪಿನ ಪ್ರಾಯಶ್ಚಿತ್ತವೆಂದೇ ವಾಚಕರು ಭಾವಿಸಬಹುದು. ಟಿ.ಸಿ.ಎಚ್. ಶಿಕ್ಷಣ ಪಡೆದು ಕನ್ನಡ ಪ್ರೌಢಶಾಲೆಯಲ್ಲಿ ಪಾಠ ಹೇಳುವ ನಾವು ವಿಜ್ಞಾನಿಗಳಲ್ಲ. ಆದರೂ ಸಾಂಗ್ಲಿ ಜಿಲ್ಲೆಯ ಸೊರಡಿಯಲ್ಲಿ ಕುಳಿತು ಕಾಸರಗೋಡಿನ ಕನ್ನಡ ಬಂಧುಗಳಿಗೆ ಇದನ್ನು ಬರೆಯಲು ಕಾರಣವಿದೆ. ತಮ್ಮಲ್ಲಿ ಮಲೆಯಾಳ, ನಮ್ಮಲ್ಲಿ ಮರಾಠಿ. ಸರಕಾರದ ತಿಳುವಳಿಕೆ ನಮ್ಮ ಮನೆಯ ಹಿರಿಯರನ್ನು ತಲುಪುವ ಹೊತ್ತಿಗೆ ಅರ್ಧ ಅರ್ಥ ದಾರಿಯಲ್ಲೇ ಸೋರಿಹೋಗಿರುತ್ತದೆ. ಆ ತೆರಪಿನಲ್ಲಿ ವದಂತಿ ಬೆಳೆಯುತ್ತದೆ.

ವಿಷಯವೇನೂ ಹಳೆಯದಾಗಿಲ್ಲ. 2023ರ ಮಾರ್ಚಿಯಲ್ಲಿ ಭಾರತ ಸರಕಾರವು ಹೊಸ ಔಷಧಗಳ ನಿಯಮಾವಳಿಯನ್ನು ತಿದ್ದಿ, ಪ್ರಾಣಿಗಳ ಮೇಲೆ ನಡೆಸುತ್ತಿದ್ದ ಪರೀಕ್ಷೆಗೆ ಬದಲಾಗಿ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳನ್ನು ಬಳಸಲು ಅವಕಾಶ ಮಾಡಿಕೊಟ್ಟಿತು. 2024ರ ಆಗಸ್ಟ್ 24ರಂದು ಕೇಂದ್ರ ಸಚಿವ ಸಂಪುಟವು ಜೈವಿಕ ಉತ್ಪಾದನೆಗಾಗಿ 'ಬಯೋ-ಇ3' ಎಂಬ ನೀತಿಗೆ ಒಪ್ಪಿಗೆ ನೀಡಿತು. 2025ರ ಏಪ್ರಿಲಿನಲ್ಲಿ ಅಮೇರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಕೆಲವು ಬಗೆಯ ಔಷಧಗಳಿಗೆ ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡುವ ಯೋಜನೆಯನ್ನು ಪ್ರಕಟಿಸಿತು. ಮೂರೂ ತೀರ್ಮಾನಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಮುಂದಿನ ಔಷಧಗಳಲ್ಲಿ ಹಲವು ಜೀವಕೋಶಗಳಲ್ಲಿ ತಯಾರಾಗಲಿವೆ. ಅವುಗಳ ಪರೀಕ್ಷೆಯ ಒಂದು ಭಾಗವೂ ಮಾನವಕೋಶಗಳ ಮೇಲೆಯೇ ನಡೆಯಲಿದೆ. ಹಾಗಿರುವಾಗ ಆ ಕೋಶಗಳನ್ನು ಎಂತಹ ಪರಿಸ್ಥಿತಿಯಲ್ಲಿ ಬೆಳೆಸುತ್ತಾರೆ, ಆ ಪರಿಸ್ಥಿತಿಯನ್ನು ಹದಗೊಳಿಸುವ ವಿದ್ಯೆ ಯಾರ ಕೈಯಲ್ಲಿದೆ ಎಂಬುದು ಕೇವಲ ವಿಜ್ಞಾನಿಗಳ ಪ್ರಶ್ನೆಯಾಗಿ ಉಳಿಯಲಾರದು.

ಕೋಶವಂಶವೆಂದರೆ

ಅಂಗಾಂಶ ಕೃಷಿಯ ಬಾಳೆಗಿಡವನ್ನು ನಮ್ಮ ರೈತರೆಲ್ಲರೂ ಬಲ್ಲರು. ಗಿಡದ ಸಣ್ಣ ತುಣುಕನ್ನು ಗಾಜಿನ ಸೀಸೆಯಲ್ಲಿ ಪೋಷಿಸಿ ಸಾವಿರಾರು ಸಸಿ ಮಾಡುವ ಕ್ರಮ ಅದು. ಮನುಷ್ಯದೇಹದ ಕೋಶಗಳನ್ನೂ ಹೀಗೆ ಸೀಸೆಯಲ್ಲಿ ಬೆಳೆಸಬಹುದು. ಆದರೆ ಸಾಮಾನ್ಯ ಕೋಶವು 40ರಿಂದ 60 ಬಾರಿ ಇಬ್ಭಾಗವಾದ ಮೇಲೆ ನಿಂತುಬಿಡುತ್ತದೆ ಎಂದು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿಕೊಟ್ಟರು. ಕೆಲವು ಕೋಶಗಳು ಮಾತ್ರ ಈ ಮಿತಿಯನ್ನು ದಾಟಿ ಸಂತಾನದ ಮೇಲೆ ಸಂತಾನವಾಗಿ ಬೆಳೆಯುತ್ತಲೇ ಇರುತ್ತವೆ. ಪ್ರಯೋಗಾಲಯದಲ್ಲಿ ಹೀಗೆ ಕಾಪಾಡಿಕೊಂಡು ಬಂದ ಕೋಶಗಳ ಸಂತತಿಯನ್ನು 'ಸೆಲ್ ಲೈನ್' ಎನ್ನುತ್ತಾರೆ. ನಾವು ಕೋಶವಂಶವೆಂದು ಕರೆಯೋಣ.

ಇಂತಹ ಮೊದಲ ಮಾನವ ಕೋಶವಂಶ 1951ರಲ್ಲಿ ಅಮೇರಿಕದ ಬಾಲ್ಟಿಮೋರಿನಲ್ಲಿ ಹುಟ್ಟಿತು. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಕ್ಯಾನ್ಸರ್ ಗೆಡ್ಡೆಯಿಂದ ಆಕೆಯ ಅನುಮತಿಯಿಲ್ಲದೆ ತೆಗೆದ ಕೋಶಗಳವು. ಆಕೆ ಅದೇ ವರ್ಷ ತೀರಿಕೊಂಡರು. 'ಹೀಲಾ' ಎಂಬ ಹೆಸರಿನ ಆ ಕೋಶಗಳು ಇಂದಿಗೂ ಜಗತ್ತಿನೆಲ್ಲೆಡೆ ಬೆಳೆಯುತ್ತಿವೆ. ಅವುಗಳಿಂದ ಲಾಭ ಪಡೆದ ಕಂಪೆನಿಯೊಂದರೊಡನೆ ಆಕೆಯ ವಂಶಸ್ಥರಿಗೆ ರಾಜಿಯಾದದ್ದು 2023ರ ಆಗಸ್ಟಿನಲ್ಲಿ, ಅಂದರೆ 72 ವರ್ಷಗಳ ಬಳಿಕ.

ಆ ಹಿರಿಯರು ಕೇಳಿದ್ದು ಎಚ್.ಇ.ಕೆ.-293 ಎಂಬ ಕೋಶವಂಶದ ಮಾತು. 1970ರ ದಶಕದ ಆರಂಭದಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಒಂದು ಭ್ರೂಣದ ಮೂತ್ರಪಿಂಡದ ಕೋಶಗಳಿಂದ ಇದನ್ನು ಸಿದ್ಧಪಡಿಸಿದರು. ಫ್ರಾಂಕ್ ಗ್ರಹಾಂ ಎಂಬ ವಿಜ್ಞಾನಿಯ 293ನೆಯ ಪ್ರಯೋಗವಾದ್ದರಿಂದ ಆ ಅಂಕಿ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್ ಲಸಿಕೆಯ ವೈರಸನ್ನು ಬೆಳೆಸಿದ್ದು ಈ ವಂಶದ ಕೋಶಗಳಲ್ಲೇ. ಕಾರಣ ಸ್ವಾರಸ್ಯಕರವಾಗಿದೆ. ಆ ವೈರಸ್ ನಮ್ಮ ಮೈಯಲ್ಲಿ ವೃದ್ಧಿಯಾಗಬಾರದೆಂದು ಅದರ ಒಂದು ಮುಖ್ಯ ಜೀನನ್ನು ತೆಗೆದುಹಾಕಿದ್ದರು. ಆ ಜೀನು 293 ಕೋಶಗಳೊಳಗೆ ಇದೆ. ಆದುದರಿಂದ ವೈರಸ್ ಕಾರ್ಖಾನೆಯ ಕೋಶದಲ್ಲಿ ಬೆಳೆಯುತ್ತದೆ, ನಮ್ಮ ದೇಹದಲ್ಲಿ ಬೆಳೆಯಲಾರದು. ಬೆಳೆದ ಮೇಲೆ ಕೋಶಗಳನ್ನು ಒಡೆದು ಸೋಸಿ ಲಸಿಕೆಯನ್ನು ಶುದ್ಧಗೊಳಿಸುತ್ತಾರೆ. ಕೋಶದ ಅತಿಸೂಕ್ಷ್ಮ ಕುರುಹು ಉಳಿದರೂ ಅದು ನಿಗದಿತ ಮಿತಿಯೊಳಗಿರಬೇಕು. ಭ್ರೂಣದ ಮೂಲದ ಬಗ್ಗೆ ಧಾರ್ಮಿಕ ಸಂದೇಹ ಎದ್ದಾಗ ವ್ಯಾಟಿಕನ್ ಸಹ 2020ರ ಡಿಸೆಂಬರದಲ್ಲಿ, ಬೇರೆ ಲಸಿಕೆ ಸಿಗದಿದ್ದಲ್ಲಿ ಇಂತಹದನ್ನು ಪಡೆಯುವುದು ನೈತಿಕವಾಗಿ ಸಮ್ಮತವೆಂದು ತಿಳಿಸಿತ್ತು.

ಇದು ಕೊರೋನಾದೊಡನೆ ಬಂದ ಹೊಸ ಕ್ರಮವೂ ಅಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಹಾಕಿದ ದಡಾರ-ರುಬೆಲ್ಲಾ ಲಸಿಕೆಯೂ ಮಾನವಕೋಶಗಳಲ್ಲಿ ಬೆಳೆಸಿದ್ದೇ. ಆ ಅಭಿಯಾನ ಕೇರಳದಲ್ಲಿ 2017ರಲ್ಲೂ ಮಹಾರಾಷ್ಟ್ರದಲ್ಲಿ 2018ರಲ್ಲೂ ನಡೆಯಿತು. ಆಗಲೂ ವದಂತಿ ಎದ್ದಿತ್ತು, ಆಗಲೂ ಉತ್ತರ ಹೇಳಬೇಕಾದವರು ಮಾಸ್ತರರೇ ಆಗಿದ್ದರು.

ಹೆಪ್ಪಿನ ಗಡಿಗೆ

ಇನ್ನು ಕೋಶವನ್ನು ಬೆಳೆಸುವ ಬಗೆ. ಹಾಲಿಗೆ ಹೆಪ್ಪು ಹಾಕುವ ತಾಯಂದಿರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಾಲು ಉಗುರುಬೆಚ್ಚಗಿರಬೇಕು. ಬಿಸಿ ಹೆಚ್ಚಾದರೆ ಹೆಪ್ಪು ಸಾಯುತ್ತದೆ; ಚಳಿಗಾಲದಲ್ಲಿ ಗಡಿಗೆಯನ್ನು ಒಲೆಯ ಬಳಿ ಇಡದಿದ್ದರೆ ಮೊಸರು ಕೂಡುವುದಿಲ್ಲ. ಹೊತ್ತು ಮೀರಿದರೆ ಹುಳಿಯಾಗುತ್ತದೆ. ಹಾಲು, ಹೆಪ್ಪು ಎರಡೂ ಒಂದೇ ಆದರೂ ಒಬ್ಬರ ಮನೆಯ ಮೊಸರು ಇನ್ನೊಬ್ಬರ ಮನೆಯಲ್ಲಿ ಆಗದಿರುವುದು ಈ ಹದದ ವ್ಯತ್ಯಾಸದಿಂದ.

ಮಾನವಕೋಶಕ್ಕೆ ಬೇಕಾದ ಹದ ಇದಕ್ಕಿಂತ ಬಿಗಿ. ಬಿಸುಪು 37 ಡಿಗ್ರಿ. ಪಾತ್ರೆಯ ಸುತ್ತಣ ಗಾಳಿಯಲ್ಲಿ ನೂರಕ್ಕೆ 5 ಭಾಗ ಇಂಗಾಲಾಮ್ಲ. ದ್ರವದ ಆಮ್ಲ-ಕ್ಷಾರ ಮಾನ 7.2ರಿಂದ 7.4. ದ್ರವದಲ್ಲಿ ಸಕ್ಕರೆ, ಲವಣ, ಅಮೈನೋ ಆಮ್ಲ, ಜೀವಸತ್ವಗಳು ಇಷ್ಟಿಷ್ಟೇ ಇರಬೇಕು. ಈ ದ್ರವಕ್ಕೆ ಪೋಷಕ ಮಾಧ್ಯಮವೆಂದು ಹೆಸರು. ಯಾವ ಯಾವ ವಸ್ತು ಇಲ್ಲದಿದ್ದರೆ ಕೋಶ ಬದುಕಲಾರದೆಂದು ಒಂದೊಂದನ್ನೇ ತೆಗೆದು ನೋಡಿ, 1959ರಲ್ಲಿ ಹ್ಯಾರಿ ಈಗಲ್ ಎಂಬಾತ ಕನಿಷ್ಠ ಆಹಾರದ ಪಟ್ಟಿ ಮಾಡಿಕೊಟ್ಟರು. ಅದರ ಮಾರ್ಪಾಡುಗಳೇ ಇಂದಿಗೂ ಬಳಕೆಯಲ್ಲಿವೆ. ದ್ರವಕ್ಕೆ ಫೀನಾಲ್ ರೆಡ್ ಎಂಬ ಬಣ್ಣ ಸೇರಿಸಿರುತ್ತಾರೆ. ಹದವಿದ್ದಾಗ ಅದು ಕೆಂಪು, ಹುಳಿಯಾದಾಗ ಹಳದಿ, ಕ್ಷಾರವಾದಾಗ ನೇರಳೆ. ನಮ್ಮ ಹತ್ತನೆಯ ತರಗತಿಯ ಲಿಟ್ಮಸ್ ಪಾಠವೇ ಅಲ್ಲಿ ದಿನನಿತ್ಯದ ಕಾವಲುಗಾರ. ಹುಳಿಯಾಗಿಸುವುದೂ ಮೊಸರಿನಲ್ಲಿರುವ ಅದೇ ಲ್ಯಾಕ್ಟಿಕ್ ಆಮ್ಲ. ಸಕ್ಕರೆ ಯಥೇಚ್ಛವಾಗಿ ಸಿಕ್ಕರೆ ಕೋಶಗಳು ಅದನ್ನು ಪೂರ್ತಿ ಬಳಸದೆ ಆಮ್ಲ ಮಾಡಿಬಿಡುತ್ತವೆ. ಆದುದರಿಂದ ದೊಡ್ಡ ಕಾರ್ಖಾನೆಗಳಲ್ಲಿ ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಉಣಿಸುತ್ತಾರೆ.

ಬಹಳ ಕಾಲ ಈ ಆಹಾರಕ್ಕೆ ಕರುವಿನ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಬೆರೆಸುತ್ತಿದ್ದರು. ಅನೇಕ ಕಡೆ ಈಗಲೂ ಬೆರೆಸುತ್ತಾರೆ. 2021ರ ಜೂನಿನಲ್ಲಿ ಕೋವ್ಯಾಕ್ಸಿನ್ ಲಸಿಕೆಯಲ್ಲಿ ಕರುವಿನ ರಕ್ತವಿದೆಯೆಂದು ಸುದ್ದಿ ಹಬ್ಬಿದ್ದು ವಾಚಕರಿಗೆ ನೆನಪಿರಬಹುದು. ಆ ಲಸಿಕೆಯನ್ನು ಬೆಳೆಸಿದ ಮಂಗನ ಮೂತ್ರಪಿಂಡದ ಕೋಶಗಳಿಗೆ ಮೊದಲ ಹಂತದಲ್ಲಿ ಸೀರಮ್ ಕೊಟ್ಟದ್ದು ನಿಜ. ಅನಂತರ ಅದನ್ನು ತೊಳೆದು ತೆಗೆಯುವುದರಿಂದ ಲಸಿಕೆಯಲ್ಲಿ ಅದು ಇಲ್ಲವೆಂದು ಕೇಂದ್ರ ಆರೋಗ್ಯ ಇಲಾಖೆ ಸ್ಪಷ್ಟಪಡಿಸಿತು. ಧರ್ಮಸೂಕ್ಷ್ಮವನ್ನು ಬದಿಗಿಟ್ಟು ನೋಡಿದರೂ ಸೀರಮ್ಮಿನಿಂದ ತೊಡಕು ಉಂಟು. ಒಂದು ಕಂತಿನಂತೆ ಇನ್ನೊಂದಿರುವುದಿಲ್ಲ; ಬೆಲೆಯೂ ದುಬಾರಿ, ರೋಗಾಣುವಿನ ಭಯವೂ ಇದೆ. ಆದಕಾರಣ ಸೀರಮ್ ಇಲ್ಲದ ಪೋಷಕ ದ್ರವವನ್ನು ಹದಗೊಳಿಸುವುದೇ ಈ ಉದ್ಯಮದ ದೊಡ್ಡ ಸಾಧನೆಯೆನಿಸಿದೆ.

243 ಪ್ರಯೋಗಗಳ ಲೆಕ್ಕ

ಹದ ಕಂಡುಹಿಡಿಯುವುದು ಹೇಗೆ? ಬಿಸುಪು, ಆಮ್ಲಮಾನ, ಸಕ್ಕರೆ, ಆಮ್ಲಜನಕ, ಕಲಕುವ ವೇಗ ಎಂಬ ಐದು ಅಂಶಗಳನ್ನು ಮೂರು ಮೂರು ಮಟ್ಟದಲ್ಲಿ ಪರೀಕ್ಷಿಸಬೇಕೆನ್ನಿ. ಎಲ್ಲ ಜೋಡಣೆಗಳನ್ನೂ ನೋಡಹೊರಟರೆ 243 ಪ್ರಯೋಗಗಳಾಗುತ್ತವೆ. ಒಂದೊಂದಕ್ಕೂ ಒಂದೆರಡು ವಾರ ಹಿಡಿದರೆ ಯಾವ ಪ್ರಯೋಗಾಲಯವೂ ಬಾಳಲಾರದು. ಒಂದು ಅಂಶವನ್ನು ಮಾತ್ರ ಬದಲಿಸುತ್ತ ಹೋದರೆ, ಎರಡು ಅಂಶಗಳು ಕೂಡಿದಾಗ ಆಗುವ ಪರಿಣಾಮ ಕಣ್ಣು ತಪ್ಪುತ್ತದೆ. ಹೊಲದ ಗೊಬ್ಬರ-ಬೀಜಗಳ ಪರೀಕ್ಷೆಗೆಂದು ಇಂಗ್ಲೆಂಡಿನಲ್ಲಿ ರೊನಾಲ್ಡ್ ಫಿಶರ್ ರೂಪಿಸಿದ ಸಂಖ್ಯಾಶಾಸ್ತ್ರ ಇಲ್ಲಿ ನೆರವಿಗೆ ಬಂತು. ಆ ದಾರಿಯನ್ನು ಬಹು ಮುಂದಕ್ಕೆ ಒಯ್ದವರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಒಬ್ಬರು. 1940ರ ದಶಕದಲ್ಲಿ ಅವರು ರಚಿಸಿದ 'ಆರ್ಥೋಗೊನಲ್ ಅರೇ' ಎಂಬ ಕೋಷ್ಟಕಗಳನ್ನು ಅನುಸರಿಸಿದರೆ, 243ರ ಬದಲು 18 ಅಥವಾ 27 ಪ್ರಯೋಗಗಳಲ್ಲಿ ಯಾವ ಅಂಶ ಮುಖ್ಯವೆಂಬುದು ತಿಳಿದುಬರುತ್ತದೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಗೆ ಪಾತ್ರರಾದ ಅವರು ಅದೇ ವರ್ಷದ ಆಗಸ್ಟಿನಲ್ಲಿ 102ನೆಯ ವಯಸ್ಸಿನಲ್ಲಿ ನಿಧನರಾದರು. ಜಗತ್ತಿನ ಔಷಧ ಕಾರ್ಖಾನೆಗಳು ಬಳಸುವ ವಿದ್ಯೆಯ ಒಂದು ಬೇರು ಹಡಗಲಿಯಲ್ಲಿ ಹುಟ್ಟಿದವರ ಕೈಯಲ್ಲಿತ್ತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಹದವೆಂದರೆ ಯಾವಾಗಲೂ ಸುಖವೆಂದಲ್ಲ. ಕೋಶಗಳು ಸಾಕಷ್ಟು ಬೆಳೆದ ಮೇಲೆ ಕೆಲವು ಉತ್ಪಾದನೆಗಳಲ್ಲಿ ಬಿಸುಪನ್ನು 37ರಿಂದ 33ರ ಆಸುಪಾಸಿಗೆ ಇಳಿಸುತ್ತಾರೆ. ಆಗ ಕೋಶಗಳು ಹೆಚ್ಚುವುದು ತಗ್ಗಿ, ಇದ್ದ ಕೋಶಗಳೇ ಬೇಕಾದ ವಸ್ತುವನ್ನು ಹೆಚ್ಚು ದಿನ ತಯಾರಿಸುತ್ತವೆ. ಈಚೆಗೆ ಆ ದಾಳಿಂಬೆ ತೋಟದ ಹಿರಿಯರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಬಿಡಿಸಿ ಹೇಳುತ್ತ ಈ ಸಂಗತಿಗೆ ಬಂದಾಗ ಅವರು ನಡುವೆಯೇ ತಡೆದರು: "ಅಂದ್ರ ಬಹಾರ ಹಿಡದಂಗ ಅನ್ರಿ." ಕರಾವಳಿಯ ವಾಚಕರಿಗೆ ಹೇಳಬೇಕಾದ ಮಾತಿದು. ನಮ್ಮ ಕಡೆ ದಾಳಿಂಬೆ ಗಿಡಕ್ಕೆ ಒಂದೆರಡು ತಿಂಗಳು ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ನೀರು-ಗೊಬ್ಬರ ಕೊಟ್ಟು ಒಮ್ಮೆಲೇ ಹೂ ಬರಿಸುವುದಕ್ಕೆ ಬಹಾರ ಹಿಡಿಯುವುದೆನ್ನುತ್ತಾರೆ. ಪ್ರಯೋಗಾಲಯದ ಸೂಕ್ಷ್ಮವನ್ನು ಅವರು ತಮ್ಮ ತೋಟದಿಂದಲೇ ಗ್ರಹಿಸಿದ್ದರು.

ಕಣ್ಣಿಗೆ ಕಾಣದ ಕಳೆ

ಹದ ತಪ್ಪಿದರೆ ಆಗುವ ಹಾನಿ ಎರಡು ಬಗೆಯದು. ಮೊದಲನೆಯದು ಮೈಕೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯ ಸೋಂಕು. ಅದು ದ್ರವವನ್ನು ಕದಡುವುದಿಲ್ಲ, ಸಾಮಾನ್ಯ ಸೋಸುಕದಿಂದ ನುಸುಳಿಬಿಡುತ್ತದೆ, ಪೆನ್ಸಿಲಿನ್ನಿಗೆ ಬಗ್ಗುವುದಿಲ್ಲ. ಜಗತ್ತಿನ ಪ್ರಯೋಗಾಲಯಗಳ ಕೋಶಕೃಷಿಯಲ್ಲಿ ನೂರಕ್ಕೆ 15ರಿಂದ 35 ಪಾಲಿಗೆ ಈ ಸೋಂಕಿದೆಯೆಂದು ಅಂದಾಜು. ಎರಡನೆಯದು ಕೋಶದ ಗುರುತೇ ಅದಲುಬದಲಾಗುವುದು. ಹೀಲಾ ಕೋಶಗಳು ಎಷ್ಟು ಚುರುಕೆಂದರೆ ಒಂದು ಹನಿ ಬೇರೆ ಪಾತ್ರೆಗೆ ಸಿಡಿದರೂ ಅಲ್ಲಿನ ಕೋಶಗಳನ್ನು ಹಿಂದಿಕ್ಕಿ ಅವೇ ಆವರಿಸುತ್ತವೆ. ಅನೇಕ ಕೋಶವಂಶಗಳು ವಾಸ್ತವದಲ್ಲಿ ಹೀಲಾ ಕೋಶಗಳೇ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ತೋರಿಸಿದಾಗ ಹಲವರು ನಂಬಲಿಲ್ಲ. ತಪ್ಪು ಗುರುತಿನ ಕೋಶವಂಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈಗ 500ಕ್ಕೂ ಹೆಚ್ಚು ಹೆಸರುಗಳಿವೆ. ಯಕೃತ್ತಿನ ಕೋಶವೆಂದು ಬರೆದ ಪಾತ್ರೆಯಲ್ಲಿ ಬೇರೆ ಕೋಶವಿದ್ದರೆ, ಅದರ ಮೇಲೆ ನಡೆಸಿದ ಔಷಧ ಪರೀಕ್ಷೆಗೆ ಬೆಲೆಯೇನು?

ನಮ್ಮ ದೇಶದಲ್ಲಿ ಸಂಶೋಧಕರಿಗೆ ಕೋಶವಂಶಗಳನ್ನು ಒದಗಿಸಲೆಂದೇ 1980ರ ದಶಕದಲ್ಲಿ ಸ್ಥಾಪನೆಯಾದ ಸಂಸ್ಥೆ ಪುಣೆಯಲ್ಲಿದೆ. ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವೆಂದು ಅದರ ಹೆಸರು. ಇಂತಹ ಭಂಡಾರದಿಂದ ಕೋಶ ತರುವುದು, ಕಾಲಕಾಲಕ್ಕೆ ಗುರುತು ಪರೀಕ್ಷಿಸುವುದು, ಬೆಳೆಸಿದ ಪರಿಸ್ಥಿತಿಯನ್ನು ದಾಖಲಿಸುವುದು ಕಡ್ಡಾಯವಾಗಬೇಕೆಂಬುದು ನಮ್ಮ ಅಭಿಮತ. ಪ್ರಾಣಿಯ ಬದಲು ಕೋಶವೆಂದು ನಿಯಮ ತಿದ್ದಿದ ಸರಕಾರಕ್ಕೆ, ಕೋಶದ ಹದವನ್ನು ಕಾಯುವ ಹೊಣೆಯೂ ತಾನಾಗಿ ಬರುತ್ತದೆ. ಇಲ್ಲವಾದರೆ ಮೂಕಪ್ರಾಣಿಯನ್ನು ಉಳಿಸಿದ ಪುಣ್ಯದ ಜೊತೆಗೆ ರೋಗಿಯನ್ನು ಅಪಾಯಕ್ಕೊಡ್ಡಿದ ಪಾಪವೂ ಸೇರಿಕೊಂಡೀತು.

ಪರಾವಲಂಬನೆಯ ಪಾಠ

ಹದದ ವಿದ್ಯೆ ಇದ್ದರೂ ಸಾಮಗ್ರಿ ಪರರ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು 2021ರಲ್ಲಿ ಕಂಡೆವು. ಜಗತ್ತಿಗೇ ಲಸಿಕೆ ಕೊಡಬಲ್ಲ ಕಾರ್ಖಾನೆ ಪುಣೆಯಲ್ಲಿತ್ತು. ಆದರೆ ಕೋಶ ಬೆಳೆಸುವ ಒಂದು ಬಾರಿಯ ಬಳಕೆಯ ಚೀಲ, ಸೋಸುಕ, ಪೋಷಕ ದ್ರವ ಮೊದಲಾದವು ಅಮೇರಿಕದಿಂದ ಬರಬೇಕಾಗಿತ್ತು. ಅಲ್ಲಿಯ ಸರಕಾರ ತನ್ನ ತಯಾರಕರಿಗೆ ಆದ್ಯತೆ ಕೊಡಿಸಿದಾಗ ರಫ್ತಿಗೆ ಅಡ್ಡಿಯಾಯಿತು. ನಿರ್ಬಂಧ ತೆಗೆಯಬೇಕೆಂದು ಏಪ್ರಿಲ್ 16ರಂದು ಸೀರಂ ಸಂಸ್ಥೆಯ ಅದಾರ್ ಪೂನಾವಾಲಾ ಅಮೇರಿಕದ ಅಧ್ಯಕ್ಷರಿಗೆ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಕೋವಿಶೀಲ್ಡಿಗೆ ಬೇಕಾದ ಕಚ್ಚಾ ಸಾಮಗ್ರಿ ಒದಗಿಸುವೆವೆಂದು ಅಮೇರಿಕ ಹೇಳಿದ್ದು ಏಪ್ರಿಲ್ 25ರಂದು. ನಮ್ಮಲ್ಲಿ ಹೆಣಗಳ ಸಾಲು ನಿಂತ ದಿನಗಳವು. ಹೆಪ್ಪು ನಮ್ಮದು, ಗಡಿಗೆ ನೆರೆಮನೆಯದು ಎಂಬಂತಾಗಿತ್ತು ನಮ್ಮ ಸ್ಥಿತಿ.

ಹದವನ್ನು ಇಲ್ಲಿಯೇ ಸಾಧಿಸಿದರೆ ಆಗುವ ಲಾಭಕ್ಕೂ ನಿದರ್ಶನವಿದೆ. ರಕ್ತದ ಕೆಲವು ಕ್ಯಾನ್ಸರುಗಳಿಗೆ ರೋಗಿಯ ಸ್ವಂತ ರಕ್ತಕೋಶಗಳನ್ನೇ ಹೊರತೆಗೆದು, ಮಾರ್ಪಡಿಸಿ, ಬೆಳೆಸಿ, ಮರಳಿ ಮೈಗೆ ಸೇರಿಸುವ ಚಿಕಿತ್ಸೆಗೆ ಅಮೇರಿಕದಲ್ಲಿ 3 ಕೋಟಿ ರೂಪಾಯಿಗೂ ಮೀರಿ ವೆಚ್ಚವಾಗುತ್ತದೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ರೂಪುಗೊಂಡು 2023ರ ಅಕ್ಟೋಬರದಲ್ಲಿ ಮಂಜೂರಾದ ಇದೇ ಬಗೆಯ ಚಿಕಿತ್ಸೆಯ ಬೆಲೆ ಸುಮಾರು 40 ಲಕ್ಷವೆಂದು ವರದಿಯಾಗಿತ್ತು. ಬೆಂಗಳೂರಿನಲ್ಲಿ ಮಣಿಪಾಲ ಸಮೂಹದ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಮಾನವ ಮೂಲಕೋಶಗಳಿಂದ ತಯಾರಿಸಿದ ಔಷಧಕ್ಕೆ 2022ರಲ್ಲಿ ಮೊಣಕಾಲಿನ ಸಂಧಿವಾತದ ಚಿಕಿತ್ಸೆಗಾಗಿ ಮಂಜೂರಾತಿ ದೊರೆಯಿತು. 40 ಲಕ್ಷವಾದರೂ ನಮ್ಮಂತಹ ಬಡವರ ಕೈಗೆ ಎಟುಕುವ ಮಾತಲ್ಲ, ನಿಜ. ಆದರೆ 3 ಕೋಟಿ 40 ಲಕ್ಷಕ್ಕೆ ಇಳಿದ ದಾರಿಯಲ್ಲೇ ಮುಂದಿನ ಇಳಿತವೂ ಆಗಬೇಕು. ಬಯೋ-ಇ3 ನೀತಿಯ ಯಶಸ್ಸನ್ನು ಕಟ್ಟಡಗಳಿಂದ ಅಳೆಯದೆ, ದೇಶದಲ್ಲಿ ತಯಾರಾದ ಪೋಷಕ ದ್ರವ, ಚೀಲ, ಸೋಸುಕಗಳಿಂದ ಅಳೆಯುವುದು ಲೇಸು.

ನಮ್ಮ ಮಕ್ಕಳ ಪಾಲು

ಇದರಲ್ಲಿ ಗಡಿನಾಡಿನ ಕನ್ನಡ ಕುಟುಂಬಗಳ ಪಾಲೇನು? ಕೋಶಕೃಷಿಯ ಕೆಲಸವೆಲ್ಲ ದೊಡ್ಡ ಪದವೀಧರರದೆಂದು ತಿಳಿಯಬಾರದು. ದಿನಕ್ಕೆರಡು ಬಾರಿ ಬಣ್ಣ ನೋಡಿ, ಬಿಸುಪು ಬರೆದಿಟ್ಟು, ಕೈ ಶುದ್ಧವಿಟ್ಟು, ತಪ್ಪಾದಲ್ಲಿ ಮುಚ್ಚಿಡದೆ ಹೇಳುವ ಶಿಸ್ತಿನ ತರುಣ ತರುಣಿಯರು ಅಲ್ಲಿಗೆ ಬೇಕು. ನಮ್ಮ ಮಕ್ಕಳಲ್ಲಿ ಅಂತಹವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಹತ್ತನೆಯ ತರಗತಿಯ ನಂತರದ ಒಂದು ವರ್ಷದಲ್ಲಿ. ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಹನ್ನೊಂದನೆಯ ತರಗತಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದು, ಗಾಬರಿಗೊಂಡು ವಿಜ್ಞಾನವನ್ನೇ ಬಿಟ್ಟುಬಿಡುತ್ತದೆ. ಪೋಷಕ ಮಾಧ್ಯಮದ ಪಾಠ ಹೇಳುವಾಗ ನಮ್ಮ ವಿದ್ಯಾರ್ಥಿನಿಯೊಬ್ಬಳು, ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹಾಕಿದರೆ ಕೋಶಕ್ಕೆ ತೊಂದರೆಯಿಲ್ಲವೇ ಎಂದು ಕೇಳಿದಳು. ತೊಂದರೆಯಿದೆ. ಆದುದರಿಂದಲೇ ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಕೆಲವು ವಾರಗಳಲ್ಲಿ ಒಗ್ಗಿಸುತ್ತಾರೆ. ಎಂಟನೆಯ ತರಗತಿಯಿಂದಲೇ ಕನ್ನಡ ಪದದ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಬರೆಸುತ್ತ ಬಂದರೆ ಮಕ್ಕಳೂ ಒಗ್ಗುತ್ತಾರೆ. ಇದಕ್ಕೆ ಸರಕಾರದ ಆದೇಶ ಕಾಯಬೇಕಾಗಿಲ್ಲ. ನಾವು ಶಿಕ್ಷಕರು ನಾಳೆಯಿಂದಲೇ ಮಾಡಬಹುದು.

ಇನ್ನೊಂದು ಕೆಲಸ ಮಾತ್ರ ಸರಕಾರದ್ದೇ. ಲಸಿಕೆಯಾಗಲಿ, ಔಷಧ ಪರೀಕ್ಷೆಯ ಒಪ್ಪಿಗೆ ಪತ್ರವಾಗಲಿ, ಸಹಿ ಹಾಕುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಹೆನ್ರಿಯೆಟ್ಟಾ ಲ್ಯಾಕ್ಸ್ ಅವರನ್ನು ಯಾರೂ ಕೇಳಲಿಲ್ಲ. ತಿಳಿಯದ ಭಾಷೆಯಲ್ಲಿ ಕೇಳುವುದೂ ಕೇಳದಿರುವುದಕ್ಕೆ ಸಮ. ಗಡಿಭಾಗದ ಆರೋಗ್ಯ ಕೇಂದ್ರಗಳಲ್ಲಿ ಕನ್ನಡದ ತಿಳುವಳಿಕೆ ಪತ್ರ ಇರಲೇಬೇಕೆಂದು ನಮ್ಮ ಸಂಘಟನೆಗಳು ಒತ್ತಾಯಿಸುವುದು ನ್ಯಾಯವೇ ಆಗಿದೆ.

ಆ ಹಿರಿಯರ ಮನೆಯಿಂದ ಹೊರಡುವಾಗ, ಅಂದು ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದೆವು. ಅವರು ನಕ್ಕು ಹೇಳಿದರು: "ಅವತ್ತ ಖರೇ ಹೇಳಿದ್ರೂ ನಾ ಹಾಕಿಸಿಕೋತಿದ್ನಿ, ಮಾಸ್ತರ. ತಿಳಿಸಿ ಹೇಳಬೇಕಿತ್ತ ನೀವು." ಜನರು ಹೆದರಿಯಾರೆಂದು ಸತ್ಯವನ್ನು ಮುಚ್ಚಿಟ್ಟ ನಮಗೆ ಆ ಮಾತು ತಕ್ಕ ಪಾಠವಾಯಿತು. ಕಾಸರಗೋಡಿನ ಶಿಕ್ಷಕ ಬಂಧುಗಳೂ ಮನೆಯ ಹಿರಿಯರೂ ಈ ಬಗ್ಗೆ ವಿಚಾರ ಮಾಡಬೇಕೆಂದು ವಿನಂತಿ.